ಬಾಯ್ಲರಿನ ತವರು

ಜನವರಿ 14, ಗುರುವಾರ

ಯಾರಾದರೂ ಇದನ್ನು ತೆರೆದರೆ ಎಂದು ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕೋಳಿ ಕೆರೆದ ಹಾಗಿದೆ. ಕಾಗುಣಿತವೂ ತಪ್ಪು. ಆರನೇ ತರಗತಿಗೆ ಶಾಲೆ ಬಿಟ್ಟವಳು ನಾನು. ಅಡಿಯಲ್ಲಿ ಯಾವ ಅಕ್ಷರ ಕೂರಬೇಕು ಎಂದು ಈಗಲೂ ಅನುಮಾನ ಬರುತ್ತದೆ. ಆಗ ಎರಡಕ್ಕೂ ಹೊಂದುವ ಹಾಗೆ ಒಂದು ಗೀಟೆಳೆದು ಮುಂದೆ ಹೋಗುತ್ತೇನೆ.

ಆದರೆ ಯಾರೂ ತೆರೆಯುವುದಿಲ್ಲ. ಅತ್ತೆಯವರಿಗೆ ಓದು ಬರುವುದಿಲ್ಲ. ನಮ್ಮವರು ಸಿಮೆಂಟ್ ಕಾರ್ಖಾನೆಯಿಂದ ಬಂದರೆ ಊಟ ಮಾಡಿ ಮಲಗಿಬಿಡುತ್ತಾರೆ. ಈ ಡೈರಿ ಕಾರ್ಖಾನೆಯವರು ಹೊಸ ವರ್ಷಕ್ಕೆ ಅವರಿಗೆ ಕೊಟ್ಟದ್ದು. "ನಾನೇನ್ ಬರೀಲಿ ಇದ್ರಲ್ಲಿ, ನೀನೇ ಇಟ್ಕೋ ಓಕ್‌ಬುನ್" ಎಂದು ನನ್ನ ಕಡೆ ತಳ್ಳಿದರು. ಬಾಯಲ್ಲಿ ಆಡಲಾರದವಳಿಗೆ ಕೈಯಲ್ಲಾದರೂ ಆಡಲಿಕ್ಕೆ ಒಂದು ಜಾಗವಾಯಿತು.

ನಾನು ಈ ಬಾಂಗ್ ಮನೆಗೆ ಸೊಸೆಯಾಗಿ ಬಂದು ಎರಡು ತಿಂಗಳು. ನನಗಿಂತ ಒಂದು ತಿಂಗಳು ಮೊದಲು ಸೀಮೆಎಣ್ಣೆ ಬಾಯ್ಲರ್ ಬಂತು. ಅತ್ತೆಯವರು ಸಂತೆಯಲ್ಲಿ ಓಕ್ ಬೀಜದ ಹಲ್ವ ಮಾರಿ ಅದನ್ನು ಹಾಕಿಸಿದರಂತೆ. ಕಲ್ಲಿದ್ದಲ ಬಿಲ್ಲೆಗಳ ಕಾಲ ಮುಗಿಯಿತು, ಇನ್ನು ನಡುರಾತ್ರಿ ಎದ್ದು ಬಿಲ್ಲೆ ಬದಲಾಯಿಸುವುದು ಬೇಡ, ಹೊಗೆ ಕುಡಿದು ಸಾಯುವ ಭಯವೂ ಇಲ್ಲ. ಅದು ಕಾಸಿದ ನೀರು ನೆಲದಡಿಯ ಪೈಪುಗಳಲ್ಲಿ ಹರಿದು ನೆಲ ಬೆಳಗಿನವರೆಗೂ ಬೆಚ್ಚಗಿರುತ್ತದೆ.

ಇವತ್ತು ಅದನ್ನು ಕೂರಿಸಿದ ತಾಕ್ ಮೇಸ್ತ್ರಿ ಬಂದಿದ್ದರು. ಈ ಓಣಿಯ ಹೆಚ್ಚಿನ ಮನೆಗಳ ಬಾಯ್ಲರು ಅವರ ಕೈಯದೇ. ದೊಡ್ಡ ಗಂಟಲು. ಗೇಟು ತೆರೆಯುವ ಮೊದಲೇ ಮಾತು ಒಳಗೆ ಬರುತ್ತದೆ.

"ಏನಮ್ಮಾ, ನನ್ನ ಮಗಳು ಹೇಗಿದ್ದಾಳೆ?"

"ನಿನ್ನ ಮಗಳಾ?" ಎಂದರು ಅತ್ತೆಯವರು. "ರಾತ್ರಿಯೆಲ್ಲಾ ಗುರ್ ಅಂತಾಳೆ. ಸೀಮೆಎಣ್ಣೆ ಮಾತ್ರ ಡಬ್ಬಗಟ್ಲೆ ಕುಡೀತಾಳೆ."

"ಕುಡೀಲಿ ಬಿಡಿ. ನಿಮ್ಮ ಸೊಂಟ ಬೆಚ್ಚಗಿಟ್ಟಿದ್ದಾಳೋ ಇಲ್ವೋ ಅದು ಹೇಳಿ. ಎರಡು ವರ್ಷ ನಾನೇ ಅವಳ ತವರು. ಮುನಿಸ್ಕೊಂಡ್ರೆ ಹೇಳಿ ಕಳಿಸಿ, ಬಂದು ಸಮಾಧಾನ ಮಾಡಿ ಹೋಗ್ತೀನಿ, ಒಂದ್ ಕಾಸೂ ಬೇಡ. ಗ್ಯಾರಂಟಿ ಕಾಗದ ಕೊಟ್ಟಿದ್ದೀನಲ್ಲ."

ಅತ್ತೆಯವರು ನನ್ನ ಕಡೆ ಗದ್ದ ತೋರಿಸಿದರು. "ಇವಳ ಜೊತೆ ಅಂಥ ಕಾಗದ ಯಾವ್ದೂ ಬರಲಿಲ್ಲ ಕಣಪ್ಪ. ಮುನಿಸ್ಕೊಂಡಿದ್ದಾಳೋ ಇಲ್ವೋ ಅಂತಾನೂ ತಿಳಿಯಲ್ಲ. ಆ ಯಂತ್ರ ಗುರ್ ಅಂತನಾದ್ರೂ ಅನ್ನುತ್ತೆ."

ಇಬ್ಬರೂ ನಕ್ಕರು. ನಾನು ಬಾರ್ಲಿ ನೀರಿನ ಲೋಟ ಇಟ್ಟು ಒಳಗೆ ಬಂದೆ. ಕಿವಿ ಬಿಸಿಯಾಗಿತ್ತು. ಅವರು ಹಿತ್ತಲಲ್ಲಿ ಚಳಿ ತಾಗದಂತೆ ಪೈಪಿಗೆ ಹಾಕಿದ ಸುತ್ತನ್ನು ತಟ್ಟಿ ತಟ್ಟಿ ಹೇಳುವುದು ಅಲ್ಲಿಗೂ ಕೇಳುತ್ತಿತ್ತು. "ನೋಡಿ, ಎರಡು ಸುತ್ತು! ಬೇರೆಯವರು ಒಂದಕ್ಕೇ ಕೈ ಒರಸ್ಕೊಂಡು ಹೋಗ್ತಾರೆ. ತಾಕ್ ಸುತ್ತಿದ ಪೈಪಿಗೆ ನಮ್ಮ ಜೆಚೊನ್ ಊರಿನ ಚಳಿ ಹಲ್ಲು ಹಾಕಿದ್ರೆ ಹಲ್ಲೇ ಮುರೀಬೇಕು!"

ಜನವರಿ 22, ಶುಕ್ರವಾರ

ನಾಳೆ ಚಂದ್ರಮಾನದ ಹೊಸ ವರ್ಷ. ಯೊಂಗ್ವೊಲ್‌ನಲ್ಲಿರುವ ದೊಡ್ಡಪ್ಪನ ಮನೆಗೆ ಎಲ್ಲರೂ ಹೋಗಬೇಕು. ಅಡುಗೆಗೆ ಕೈಜೋಡಿಸಲು ಅತ್ತೆಯವರು ನಿನ್ನೆಯೇ ಹೋದರು. ನಮ್ಮವರು ಪಾಳಿ ಮುಗಿಸಿ ಬರಲಿ ಎಂದು ನಾನು ಕಾಯುತ್ತಿದ್ದೇನೆ. ಹೋಗುವಾಗ ಅತ್ತೆಯವರು ಹೇಳಿದ್ದು ಒಂದೇ ಮಾತು: "ಬರೋವಾಗ ಎಲ್ಲಾ ಆರಿಸಿ ಬಾ ಮಗೂ. ಮನೇಲಿ ಒಂದು ಕಿಡೀನೂ ಇರಬಾರದು."

ನನಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ನಾನು ಚಿಕ್ಕವಳಿದ್ದಾಗ ನಮ್ಮೂರಲ್ಲಿ ಒಂದು ಮನೆಯವರು ಒಲೆ ಆರಿಸದೆ ಹಬ್ಬಕ್ಕೆ ಹೋಗಿ, ತಿರುಗಿ ಬಂದಾಗ ಗೋಡೆ ಮಾತ್ರ ಉಳಿದಿತ್ತು. ಆಮೇಲೆ ನಮ್ಮಮ್ಮ ಮನೆ ಬಿಡುವ ಮೊದಲು ಒಲೆಗೆ ನೀರು ಹೊಯ್ದು ಬೂದಿಯೊಳಗೆ ಕೈಯಿಟ್ಟು ನೋಡುತ್ತಿದ್ದಳು. ತಣ್ಣಗಿದ್ದರೆ ಮಾತ್ರ ಬೀಗ.

ನಾನೂ ಹಾಗೇ ಮಾಡಿದೆ. ಅನ್ನದ ಕುಕ್ಕರು, ಟಿವಿ, ಇಸ್ತ್ರಿಪೆಟ್ಟಿಗೆ, ಎಲ್ಲದರ ಪ್ಲಗ್ ಕಿತ್ತೆ. ಫ್ರಿಜ್ಜಿನದೂ. ಹೊರಗೇ ಅದಕ್ಕಿಂತ ಚಳಿ. ಕೊನೆಗೆ ಹಿತ್ತಲಿಗೆ ಹೋಗಿ ಬಾಯ್ಲರಿನದನ್ನೂ ಕಿತ್ತೆ. ತಂತಿಯನ್ನು ನೀಟಾಗಿ ಸುತ್ತಿ ಮೊಳೆಗೆ ನೇತುಹಾಕಿದೆ. ಗುರ್ ಎನ್ನುವುದು ನಿಂತು ಮನೆಯೆಲ್ಲ ಮೌನವಾಯಿತು.

ಅತ್ತೆಯವರು ಬಂದು ನೋಡಿದರೆ ಮೆಚ್ಚಬೇಕು.

ಜನವರಿ 25, ಸೋಮವಾರ

ಬೆರಳು ಮಡಚಲಾಗುತ್ತಿಲ್ಲ. ಎದುರು ಮನೆಯ ಮೂಲೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಮಧ್ಯಾಹ್ನ ಮೂವರೂ ಊರಿಂದ ಬಂದೆವು. ಬೀಗ ತೆಗೆದು ಒಳಗೆ ಕಾಲಿಟ್ಟರೆ ನೆಲ ಕಾಲನ್ನು ಕಚ್ಚಿತು. ಕುಡಿಯುವ ನೀರಿನ ಪಾತ್ರೆಯಲ್ಲಿ ಸೌಟು ನೆಟ್ಟಗೆ ನಿಂತಿತ್ತು, ಮಂಜುಗಡ್ಡೆಯಲ್ಲಿ ಸಿಕ್ಕಿ. ಅತ್ತೆಯವರು ಗಂಟುಮೂಟೆ ಅಲ್ಲೇ ಬಿಟ್ಟು ಹಿತ್ತಲಿಗೆ ಓಡಿದರು. ನಾನು ಮೂಟೆಗಳನ್ನು ಒಳಗಿಟ್ಟು ಹಿಂದೆ ಹೋದೆ.

ಬಾಯ್ಲರಿನ ಕೆಳಗೆ ನೀರು ಹರಿದು ಗಾಜಿನ ಹಾಳೆಯ ಹಾಗೆ ಗಟ್ಟಿಯಾಗಿತ್ತು. ಯಂತ್ರದ ಹೊಟ್ಟೆಯಲ್ಲಿ ಉದ್ದಕ್ಕೆ ಒಂದು ಬಿರುಕು. ಪೈಪೊಂದು ಬಾಯಿ ತೆರೆದಿತ್ತು. ಅತ್ತೆಯವರು ನನಗೆ ಬೆನ್ನು ಮಾಡಿ ನಿಂತಿದ್ದರು. ನಾನು ಮೊಳೆಯ ಕಡೆ ನೋಡಿದೆ. ತಂತಿ ಅಲ್ಲಿರಲಿಲ್ಲ. ಪ್ಲಗ್ ಗೋಡೆಯಲ್ಲಿತ್ತು.

"ಅತ್ತೆ, ಅದು..." ಎಂದೆ.

"ಒಳಗೆ ಹೋಗು ಮಗೂ. ಚಳಿ."

ಯಂತ್ರ ಶುರುವಾಗುತ್ತದೋ ನೋಡೋಣ ಎಂದು ಹಾಕಿರಬೇಕು ಎಂದುಕೊಂಡೆ. ಪ್ಲಗ್ಗಿಗೂ ಈ ಬಿರುಕಿಗೂ ಸಂಬಂಧ ಇರಲಾರದು. ಆರಿದ್ದ ಒಲೆ ಒಡೆಯುವುದುಂಟೇ?

ನಮ್ಮವರು ನೋಡಿ ತಲೆ ಕೆರೆದುಕೊಂಡು, "ಗ್ಯಾರಂಟಿ ಇದೆಯಲ್ಲ, ಬಿಡು" ಎಂದರು. ಎದುರು ಮನೆಯ ಹುಡುಗಿ ಯೊಂಗಾಳ ಅಮ್ಮ ಬಂದು, "ಸತ್ತೇ ಹೋಗ್ತೀರಿ ಇಲ್ಲಿ, ನಡೀರಿ ನಮ್ಮನೆಗೆ" ಎಂದು ಎಳೆದುಕೊಂಡು ಬಂದಳು. ನೆಲದ ಬೆಚ್ಚನೆಯ ತುದಿಯನ್ನೇ ನಮಗೆ ಬಿಟ್ಟುಕೊಟ್ಟಿದ್ದಾಳೆ. ಒಳ್ಳೆಯ ಹೆಂಗಸು. ಬಾಯಿ ಮಾತ್ರ ಗಿರಣಿ.

ಜನವರಿ 26, ಮಂಗಳವಾರ

ತಾಕ್ ಮೇಸ್ತ್ರಿ ಬೆಳಿಗ್ಗೆಯೇ ಬಂದರು. ಜೊತೆಗೆ ವೊಂಜು ಶಾಖೆಯಿಂದ ಕಂಪನಿಯ ತನಿಖೆಯವರು, ಯೋಮ್ ಎಂದು ಹೆಸರು, ಕೋಟಿನ ಮೇಲೆ ಕೋಟು ಹಾಕಿಕೊಂಡವರು. ಯಂತ್ರದ ಸುತ್ತ ಒಂದು ಸುತ್ತು ಬಂದು ಅವರು ಮೊದಲು ಕೇಳಿದ್ದೇ ಅದನ್ನು.

"ಮನೆ ಬಿಟ್ಟು ಹೋದಾಗ ಪ್ಲಗ್ ಹಾಕಿತ್ತಾ?"

"ಹಾಕೇ ಇತ್ತು" ಎಂದರು ಅತ್ತೆಯವರು. "ನೋಡಿ, ಈಗ್ಲೂ ಹಾಗೇ ಇದೆ. ನಾವ್ಯಾರೂ ಮುಟ್ಟಿಲ್ಲ."

ಅತ್ತೆಯವರು ನನ್ನನ್ನು ನೋಡಲಿಲ್ಲ. ನಾನು ನನ್ನ ರಬ್ಬರ್ ಚಪ್ಪಲಿ ನೋಡಿದೆ.

ಯೋಮ್ ಸಾಹೇಬರು ಎಣ್ಣೆಯ ಡಬ್ಬ ಅಲುಗಿಸಿ ನೋಡಿದರು. ಎಣ್ಣೆಯಿತ್ತು. "ಹಾಗಾದ್ರೆ ಇದು ತಾನಾಗೇ ಎದ್ದು ನೀರು ತಿರುಗಿಸಿರುತ್ತೆ. ಪ್ಲಗ್ ಇದ್ರೆ ಸಾಕು, ಚಳಿ ಜಾಸ್ತಿ ಆದ್ರೆ ಯಾರೂ ಹೇಳದೇನೇ ಏಳುತ್ತೆ. ಎದ್ರೂ ಒಡೀತು ಅಂದ್ರೆ ಹೊರಗಿನ ಪೈಪಲ್ಲಿ ನೀರು ಮೊದಲು ಹೆಪ್ಪುಗಟ್ಟಿದೆ. ಅಂದ್ರೆ ಸುತ್ತು ಸರಿಯಿಲ್ಲ. ಯಂತ್ರದ್ದು ತಪ್ಪಾಗಿದ್ರೆ ಕಂಪನಿ ಕೊಡ್ತಿತ್ತು. ಇದು ಕೂರಿಸಿದವರ ಲೆಕ್ಕಕ್ಕೆ ಬರುತ್ತೆ ಮೇಸ್ತ್ರಿ."

"ಎರಡು ಸುತ್ತು ಸುತ್ತಿದ್ದೀನಿ ಸಾರ್" ಎಂದರು ತಾಕ್ ಮೇಸ್ತ್ರಿ.

"ಸುತ್ತಿದ್ರೆ ಒಡೀತಿತ್ತಾ?"

ಅಷ್ಟು ದೊಡ್ಡ ಗಂಟಲಿನ ಮನುಷ್ಯ ಮೊಣಕಾಲೂರಿ, ಒಡೆದ ಪೈಪಿನ ಸುತ್ತನ್ನು ಬೆರಳಿಂದ ಬಿಡಿಸಿ ನೋಡಿದರು. ಮತ್ತೆ ಎದ್ದು ಅತ್ತೆಯವರಿಗೆ ಸೊಂಟದವರೆಗೆ ಬಾಗಿದರು. "ತಪ್ಪಾಯ್ತಮ್ಮ. ಏನೋ ಎಲ್ಲೋ ಕೈ ತಪ್ಪಿರಬೇಕು." ಆಮೇಲೆ ನನ್ನ ಕಡೆಯೂ ತಿರುಗಿದರು. "ಹೊಸ ಸೊಸೆ ಹಬ್ಬದ ಹೊತ್ತಲ್ಲಿ ಬೇರೆಯವರ ಮನೇಲಿ ಮಲಗೋ ಹಾಗಾಯ್ತು. ತಪ್ಪಾಯ್ತು."

ನನಗೆ. ನನಗೆ ಬಾಗಿದರು.

ನಾನೂ ಬಾಗಿದೆ. ಬೇರೆ ಏನು ಮಾಡಬೇಕೆಂದು ತೋಚಲಿಲ್ಲ. ಅವರು ನನ್ನ ಕ್ಷಮೆ ಕೇಳಿ, ನಾನು ಕ್ಷಮಿಸಿದ ಹಾಗಾಯಿತು.

ಜನವರಿ 27, ಬುಧವಾರ

ಮೇಸ್ತ್ರಿ ಇಡೀ ದಿನ ಹಿತ್ತಲಲ್ಲಿ ಕೆಲಸ ಮಾಡಿದರು. ಹೊಸ ಹೊಟ್ಟೆ, ಹೊಸ ಪೈಪು, ಎಲ್ಲ ಅವರ ಕೈಯ ದುಡ್ಡಿನಿಂದಲೇ. ಬಾರ್ಲಿ ನೀರು ಕೊಟ್ಟೆ. ಮುಖ ನೋಡಲಿಲ್ಲ. ಅವರು ಒಂದು ಹಾಸ್ಯವನ್ನೂ ಮಾಡಲಿಲ್ಲ. ಸುತ್ತುವಾಗ ಮೂರು ಸುತ್ತು ಸುತ್ತಿದರು.

ಸಂಜೆ ನೆಲ ಬೆಚ್ಚಗಾಯಿತು. ನಾವು ಮನೆಗೆ ಬಂದೆವು.

ಜನವರಿ 30, ಶನಿವಾರ

ಓಣಿಯ ನಲ್ಲಿಯ ಹತ್ತಿರ ಈಗ ಒಂದೇ ಮಾತು. ಯೊಂಗಾಳ ಅಮ್ಮ ಹೇಳುತ್ತಾಳೆ, "ಬಾಯಿ ತುಂಬಾ ಎರಡು ಸುತ್ತು ಎರಡು ಸುತ್ತು ಅಂತಿದ್ದ. ಸುತ್ತಿದ್ದು ಪೈಪಿಗಲ್ಲ, ನಮ್ಮ ತಲೆಗೆ." ಎಲ್ಲರೂ ನಗುತ್ತಾರೆ. ಮೂಲೆಮನೆಯ ಅಜ್ಜ ತಮ್ಮ ಮನೆಗೆ ಹೊಸ ಬಾಯ್ಲರ್ ಹಾಕಿಸಲು ಒಪ್ಪಿದ್ದವರು ಬೇಡವೆಂದು ಹೇಳಿ ಕಳಿಸಿದ್ದಾರೆ.

ಮೇಸ್ತ್ರಿಯೇ ಮನೆ ಮನೆಗೆ ಹೋಗಿ ತಾವು ಕೂರಿಸಿದ ಪೈಪುಗಳನ್ನೆಲ್ಲ ಬಿಚ್ಚಿ ನೋಡುತ್ತಿದ್ದಾರೆ. ಯಾರೂ ಕರೆದಿಲ್ಲ. ಯೊಂಗಾಳ ಮನೆಯ ಗೋಡೆಯ ಹೊರಗೆ ಕೂತು, ಸುತ್ತಿದ್ದನ್ನು ಬಿಚ್ಚಿದರು, ತಿರುಗಿಸಿ ನೋಡಿದರು, ಮತ್ತೆ ಸುತ್ತಿದರು. ಎದ್ದು ನಾಲ್ಕು ಹೆಜ್ಜೆ ಹೋದವರು ವಾಪಸ್ ಬಂದು ಅದನ್ನೇ ಮತ್ತೆ ಬಿಚ್ಚಿದರು. ನಾನು ಬಟ್ಟೆ ಒಣಗಿಸುತ್ತಾ ಇದನ್ನು ನೋಡಿದೆ. ಬಟ್ಟೆ ತಂತಿಯ ಮೇಲೆಯೇ ಹಲಗೆಯ ಹಾಗೆ ಸೆಟೆದುಕೊಂಡಿತು. ನಾನು ಅದರ ಹಿಂದೆ ನಿಂತಿದ್ದೆ.

ಮಧ್ಯಾಹ್ನ ಅತ್ತೆಯವರು ಸಂತೆಯಲ್ಲಿದ್ದಾಗ ಬೀರುವಿನಿಂದ ಗ್ಯಾರಂಟಿ ಕಾಗದ ತೆಗೆದೆ. ಯೋಮ್ ಸಾಹೇಬರು ಹೇಳಿದ್ದು ನನಗೆ ಪೂರ್ತಿ ತಲೆಗೆ ಹೋಗಿರಲಿಲ್ಲ. ಕಾಗದದ ಮಾತು ಮನುಷ್ಯರ ಮಾತಿನ ಹಾಗಿಲ್ಲ. ಒಂದೊಂದು ಸಾಲನ್ನೂ ಬೆರಳಿಟ್ಟುಕೊಂಡು ಓದಿದೆ, ಎರಡನೇ ಸಲ ಬಾಯಿಬಿಟ್ಟು ಓದಿದೆ. ಅಕ್ಕಿ ಆರಿಸುವ ಹಾಗೆ.

ಗ್ಯಾರಂಟಿ ಎಂದರೆ ಎಲ್ಲವನ್ನೂ ಯಾರೋ ನೋಡಿಕೊಳ್ಳುತ್ತಾರೆ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಅದು ಪಾಲು ಹಂಚಿದ ಹಾಗೆ. ಯಂತ್ರ ಹುಟ್ಟಿನಿಂದಲೇ ಕೆಟ್ಟದ್ದಾದರೆ ಕಂಪನಿಯ ಪಾಲು. ಪೈಪು, ಸುತ್ತು, ಜೋಡಣೆ ಕೆಟ್ಟರೆ ಕೂರಿಸಿದವರ ಪಾಲು. ಮನೆಯವರು ವಿದ್ಯುತ್ತನ್ನು ತಪ್ಪಿಸಿ, ಅಥವಾ ಎಣ್ಣೆ ಮುಗಿಯಲು ಬಿಟ್ಟು, ನೀರು ಹೆಪ್ಪುಗಟ್ಟಿ ಒಡೆದರೆ ಮನೆಯವರ ಪಾಲು. ಒಬ್ಬರು ಬೇಡವೆಂದರೆ ಅದು ಮಾಯವಾಗುವುದಿಲ್ಲ. ಇನ್ನೊಬ್ಬರ ತಟ್ಟೆಗೆ ಬೀಳುತ್ತದೆ.

ನನ್ನ ಪಾಲನ್ನು ಮೇಸ್ತ್ರಿಯ ತಟ್ಟೆಗೆ ಹಾಕಿದ್ದೇವೆ. ಕಂಪನಿಯ ತಟ್ಟೆಗೆ ಹಾಕಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿತ್ತೋ ಇಲ್ಲವೋ. ಆಗುತ್ತಿರಲಿಲ್ಲ ಅನ್ನಿಸುತ್ತದೆ. ಅದೂ ನಾಚಿಕೆಗೇಡಿನ ಮಾತೇ.

ಜನವರಿ 31, ಭಾನುವಾರ

ನೆಲ ಬೆಚ್ಚಗಿದೆ. ಮಲಗಲಾಗುತ್ತಿಲ್ಲ. ಹಾಸಿಗೆಯನ್ನು ಬಾಗಿಲ ಬದಿಯ ತಣ್ಣನೆಯ ತುದಿಗೆ ಎಳೆದುಕೊಂಡೆ. ನಮ್ಮವರು, "ಯಾಕೆ, ನಾನು ಗೊರಕೆ ಹೊಡೀತೀನಾ?" ಎಂದರು. ಹೌದು ಎಂದೆ.

ಫೆಬ್ರವರಿ 2, ಮಂಗಳವಾರ

ಇವತ್ತಿನದನ್ನು ಬರೆಯಬಾರದು ಎಂದುಕೊಂಡಿದ್ದೆ.

ಎಣ್ಣೆ ತರಲು ಹೋದಾಗ ದಾರಿಯಲ್ಲಿ ತಾಕ್ ಮೇಸ್ತ್ರಿ ಸಿಕ್ಕಿದರು. ಕಿವಿಗಳು ಚಳಿಗೆ ಸಿಪ್ಪೆ ಎದ್ದಿದ್ದವು. ನನ್ನ ಕೈಯಿಂದ ಡಬ್ಬ ತೆಗೆದುಕೊಂಡು ಗೇಟಿನವರೆಗೂ ಹೊತ್ತು ತಂದರು. ಡಬ್ಬ ಇಳಿಸಿ ಕೇಳಿದರು.

"ಸೊಸೆಯಮ್ಮ, ಒಂದು ಮಾತು ಕೇಳ್ಲಾ? ಬೇಜಾರಿಲ್ಲ ತಾನೇ?"

ತಲೆಯಾಡಿಸಿದೆ.

"ಮನೆ ಬಿಟ್ಟಿದ್ದು ಕೊನೇಲಿ ನೀವೇ ಅಂತೆ. ಆವಾಗ ಏನಾದ್ರೂ ನಿಮ್ಮ ಕಣ್ಣಿಗೆ ಬಿತ್ತಾ? ನೀರು ಜಿನುಗೋದು, ಸುತ್ತು ಬಿಟ್ಕೊಂಡಿದ್ದು, ಏನಾದ್ರೂ? ನಿಮ್ಮ ಮೇಲೆ ಹಾಕೋಕಲ್ಲ. ಎಲ್ಲಿ ತಪ್ಪಿದೆ ಅಂತ ಗೊತ್ತಾದ್ರೆ ಸಾಕು ನನಗೆ. ಎಲ್ಲಾ ಮನೇದೂ ಬಿಚ್ಚಿ ನೋಡ್ದೆ. ಎಲ್ಲಾ ಸರಿಯಾಗೇ ಇದೆ. ಸರಿಯಾಗಿ ಕಾಣೋದನ್ನ ಹೆಂಗಮ್ಮ ಸರಿ ಮಾಡ್ಲಿ?"

"ಏನೂ ನೋಡ್ಲಿಲ್ಲ" ಎಂದೆ.

"ಸರಿ ಬಿಡಿ" ಎಂದರು. "ಒಳಗೆ ಹೋಗಿ, ಚಳಿ ಇದೆ."

ಅತ್ತೆಯವರು ಆಡಿದ ಸುಳ್ಳು ಇಷ್ಟು ದಿನ ಅವರದಾಗಿತ್ತು. ಇವತ್ತು ನನ್ನ ಸ್ವಂತದ್ದೂ ಒಂದು ಆಯಿತು. ನನ್ನ ಬಾಯಿಗೆ ಮಾತು ಬಾರದು ಎನ್ನುತ್ತಾರೆ. ಇದಕ್ಕೆ ಮಾತ್ರ ಎಷ್ಟು ಬೇಗ ಬಂತು!

ಫೆಬ್ರವರಿ 4, ಗುರುವಾರ

ಇವತ್ತು ವಸಂತ ಶುರುವಾಗುವ ದಿನ ಎಂದು ಕ್ಯಾಲೆಂಡರಿನಲ್ಲಿದೆ. ಹೊರಗೆ ಮೂಗು ಬಿದ್ದುಹೋಗುವ ಚಳಿ. ಅತ್ತೆಯವರು ಶುಭದ ಮಾತು ಬರೆಸಿ ತಂದ ಕಾಗದವನ್ನು ಗೇಟಿಗೆ ಅಂಟಿಸಿದರು. ಅಂಟು ಕೈಯಲ್ಲೇ ಗಟ್ಟಿಯಾಗುತ್ತಿತ್ತು.

ಅಷ್ಟರಲ್ಲಿ ಯೊಂಗಾಳ ಅಮ್ಮ ಸುದ್ದಿ ತಂದಳು. ಮೇಸ್ತ್ರಿ ತನ್ನ ಮನೆಯ ಪೈಪನ್ನು ಪದೇ ಪದೇ ಬಿಚ್ಚಿದ್ದು ನೋಡಿ ಅವಳಿಗೆ ಹೆದರಿಕೆಯಾಗಿ ಕಂಪನಿಗೆ ಫೋನ್ ಮಾಡಿದ್ದಾಳೆ. ಯೋಮ್ ಸಾಹೇಬರು ನಾಳೆ ಬರುತ್ತಾರಂತೆ. ಎರಡನೇ ದೂರು ಬಂದರೆ ಮೇಸ್ತ್ರಿಯ ಅಂಗಡಿಯ ಮುಂದಿನ ಕಂಪನಿ ಬೋರ್ಡು ಇಳಿಸುತ್ತಾರಂತೆ. ಬೋರ್ಡಿಲ್ಲದವರು ಕೂರಿಸಿದ ಯಂತ್ರಕ್ಕೆ ಗ್ಯಾರಂಟಿಯೇ ಇರುವುದಿಲ್ಲ, ಹಾಗಾಗಿ ಅವರನ್ನು ಇನ್ನು ಯಾರೂ ಕರೆಯುವುದಿಲ್ಲ.

ಅವಳು ಹೋದ ಮೇಲೆ ಅಡುಗೆಮನೆಯಲ್ಲಿ ಇಬ್ಬರೇ ಮೂಲಂಗಿ ಹೆಚ್ಚುತ್ತಿದ್ದೆವು. ನಾನು ಚಾಕು ಕೆಳಗಿಟ್ಟೆ.

"ಅತ್ತೆ, ಪ್ಲಗ್ ಕಿತ್ತಿದ್ದು ನಾನು."

"ಗೊತ್ತು" ಎಂದರು. ಅವರ ಚಾಕು ನಿಲ್ಲಲಿಲ್ಲ.

"ಹಾಕಿದ್ದು ನೀವಾ?"

"ಮತ್ತಿನ್ಯಾರು, ಸತ್ತ ನಿಮ್ಮ ಮಾವ ಎದ್ದು ಬಂದು ಹಾಕಿದ್ರಾ?"

"ನನ್ನ ಮಾನ ಉಳಿಸೋಕೆ ಯಾಕೆ..." ಎಂದೆ.

"ನಿನ್ನ ಮಾನ!" ಎಂದು ತಿರುಗಿದರು. "ನಿನಗೋಸ್ಕರ ಅಂದ್ಕೊಂಡ್ಯಾ? ಹುಚ್ಚಿ. ಕೂರಿಸಿದ ದಿನ ಅವನು ಬಡ್ಕೊಂಡ, ಊರಿಗೆ ಹೋದ್ರೂ ಪ್ಲಗ್ ಕೀಳ್ಬೇಡಿ, ಎದೆ ಬಡಿತ ನಿಲ್ಲಿಸಿದ ಹಾಗೆ ಅಂತ. ನಾನು ಏನಂದೆ ಗೊತ್ತಾ? 'ಆಯ್ತಪ್ಪ, ನನಗೇನು ಕಿವುಡಾ' ಅಂದೆ. ಆಮೇಲೆ ನೀನು ಬಂದೆ. ನಿನಗೆ ಹೇಳೋದೇ ಮರ್ತೆ. ಅದೂ ಸಾಲ್ದು ಅಂತ ಎಲ್ಲಾ ಆರಿಸಿ ಬಾ ಅಂದೆ. ಅವನ ಮುಂದೆ, ಈ ಓಣಿ ಬಾಯಿಗಳ ಮುಂದೆ, ಮರೆವಿನ ಮುದುಕಿ ಅನ್ನಿಸ್ಕೋಬೇಕಿತ್ತಾ? ನಾಲ್ಕು ದಿನದಲ್ಲಿ ಎಲ್ಲಾ ಮರೀತಾರೆ ಅಂದ್ಕೊಂಡೆ."

"ಅವರು ಮರೀತಾ ಇಲ್ಲ ಅತ್ತೆ. ಸರಿಯಾಗಿರೋ ಪೈಪನ್ನೇ ಬಿಚ್ಚಿ ಬಿಚ್ಚಿ ನೋಡ್ತಾರೆ."

"ನೋಡಿದ್ದೀನಿ."

"ನಾಳೆ..."

"ನಾಳೆ ನೀನು ಬಾಯಿ ಮುಚ್ಕೊಂಡಿರ್ತೀಯ. ಅದು ನಿನಗೆ ಚೆನ್ನಾಗಿ ಬರುತ್ತಲ್ಲ."

ಅತ್ತೆಯ ಒದ್ದೆ ಕಣ್ಣು ಇನ್ನೂ ನನ್ನ ಎದುರಿಗಿದೆ. ಮೂಲಂಗಿ ಹೆಚ್ಚುವಾಗ ಕಣ್ಣಲ್ಲಿ ನೀರು ಬರುವುದಿಲ್ಲ.

ಫೆಬ್ರವರಿ 5, ಶುಕ್ರವಾರ

ಬೆಳಿಗ್ಗೆ ಅತ್ತೆ ಹಲ್ವದ ಬೋಗುಣಿ ತಲೆಯ ಮೇಲಿಟ್ಟುಕೊಂಡು ಸಂತೆಗೆ ಹೋದರು. ನನ್ನ ಕಡೆ ತಿರುಗಿ ನೋಡಲಿಲ್ಲ.

ಯೋಮ್ ಸಾಹೇಬರು ಬಂದಾಗ ಯೊಂಗಾಳ ಗೇಟಿನ ಮುಂದೆ ಓಣಿಯೇ ನೆರೆದಿತ್ತು. ತಾಕ್ ಮೇಸ್ತ್ರಿ ತಮ್ಮ ಸಾಮಾನಿನ ಪೆಟ್ಟಿಗೆಯ ಮೇಲೆ ಕೂತಿದ್ದರು. ಯಾರೋ ಸತ್ತ ಮನೆಯ ಮುಂದೆ ಕೂತ ಹಾಗೆ. ಯೊಂಗಾಳ ಅಮ್ಮ ಪೈಪು ತೋರಿಸಿ ತೋರಿಸಿ ಹೇಳುತ್ತಿದ್ದಳು, "ಮೂರು ಸಲ ಬಿಚ್ಚಿದ್ದಾನೆ ಸಾರ್. ಚೆನ್ನಾಗಿದ್ರೆ ಯಾರಾದ್ರೂ ಬಿಚ್ತಾರಾ? ಬಾಂಗ್ ಮನೇದು ಒಡೆದ ಹಾಗೆ ನಮ್ಮದೂ ಒಡೆದ್ರೆ?"

"ಮೇಸ್ತ್ರಿ, ಏನ್ ಹೇಳ್ತೀರಿ?" ಎಂದರು ಯೋಮ್ ಸಾಹೇಬರು.

"ನನಗೇ ಗೊತ್ತಿಲ್ಲ ಸಾರ್."

ಅದನ್ನು ಕೇಳಿ ನಾನು ಗುಂಪಿನ ನಡುವೆ ಹೋದೆ. ಹೇಗೆ ಹೋದೆನೋ ತಿಳಿಯದು, ಕಾಲು ಹೋಯಿತು. "ಪ್ಲಗ್" ಎಂದೆ. ಯಾರಿಗೂ ಕೇಳಲಿಲ್ಲ. ಮತ್ತೆ ಹೇಳಿದೆ.

"ಪ್ಲಗ್ ಹಾಕಿರಲಿಲ್ಲ. ಹಬ್ಬಕ್ಕೆ ಹೋಗೋವಾಗ ನಾನೇ ಕಿತ್ತು ಹೋಗಿದ್ದೆ."

"ಅಯ್ಯೋ, ಇವಳಿಗೆ ಮಾತು ಬರುತ್ತಾ!" ಎಂದಳು ಯೊಂಗಾಳ ಅಮ್ಮ.

ಯೋಮ್ ಸಾಹೇಬರು ಹುಬ್ಬೇರಿಸಿದರು. "ಹಾಕಿತ್ತು ಅಂತ ನಿಮ್ಮನೆಯವರೇ ಹೇಳಿದ್ರಲ್ಲಮ್ಮ. ನಾನೂ ಕಣ್ಣಾರೆ ನೋಡ್ದೆ."

"ನೀವು ನೋಡಿದ್ದು ಆಮೇಲೆ. ಮೂರು ದಿನ ಅದು ಮೊಳೆ ಮೇಲಿತ್ತು. ಹಾಗಾಗಿ ಯಂತ್ರ ಏಳಲಿಲ್ಲ. ಕಾಗದದಲ್ಲಿ ಇದೆ, ಮನೆಯವರು ಕರೆಂಟ್ ತಪ್ಪಿಸಿ ನೀರು ಹೆಪ್ಪುಗಟ್ಟಿ ಒಡೆದ್ರೆ ಅದು ಮನೆಯವರದೇ. ಕಂಪನಿದೂ ಅಲ್ಲ, ಮೇಸ್ತ್ರಿದೂ ಅಲ್ಲ. ಈ ಮನೆ ಪೈಪಿಗೆ ಏನೂ ಆಗಿಲ್ಲ. ಯಾರ ಮನೆ ಪೈಪಿಗೂ ಏನೂ ಆಗಿಲ್ಲ."

"ಹಾಗಾದ್ರೆ ಮತ್ತೆ ಹಾಕಿದ್ದು ಯಾರು? ನೀವೇನಾ?"

ಹೌದು ಎನ್ನಬೇಕೆಂದಿದ್ದೆ. ದಾರಿಯಲ್ಲೇ ನಿರ್ಧರಿಸಿಕೊಂಡಿದ್ದೆ. ಬಾಯಿ ತೆರೆದೆ.

"ನಾನು" ಎಂದಿತು ಹಿಂದಿನಿಂದ ಒಂದು ದನಿ. ಅತ್ತೆ. ಹಲ್ವದ ಬೋಗುಣಿ ಇನ್ನೂ ತಲೆಯ ಮೇಲೆಯೇ ಇತ್ತು. ಸಂತೆಯ ಅರ್ಧ ದಾರಿಯಿಂದ ತಿರುಗಿ ಬಂದಿದ್ದರು. "ಹಾಕಿದ್ದೂ ನಾನು, ಸುಳ್ಳು ಹೇಳಿದ್ದೂ ನಾನು, ಕೀಳಬೇಡ ಅಂತ ಈ ಹುಡುಗಿಗೆ ಹೇಳೋಕೆ ಮರೆತಿದ್ದೂ ನಾನು. ಎಲ್ಲಾ ಬರ್ಕೋ. ಬೇಗ ಬರ್ಕೋ, ನನ್ನ ಕತ್ತು ನೋಯ್ತಿದೆ."

ಯಾರೂ ನಗಲಿಲ್ಲ.

ತಾಕ್ ಮೇಸ್ತ್ರಿ ಪೆಟ್ಟಿಗೆಯಿಂದ ಎದ್ದರು. ಯೊಂಗಾಳ ಗೋಡೆಯ ಹತ್ತಿರ ಹೋಗಿ, ಬಿಚ್ಚಿಟ್ಟಿದ್ದ ಸುತ್ತನ್ನು ಕೈಗೆ ತೆಗೆದುಕೊಂಡರು. "ಹಾಗಾದ್ರೆ ಎರಡು ಸುತ್ತೇ ಸಾಕಾಗಿತ್ತು" ಎಂದರು. ಯಾರಿಗೂ ಅಲ್ಲ, ಪೈಪಿಗೆ ಹೇಳಿದ ಹಾಗೆ. ಸುತ್ತಿ, ಗಂಟು ಬಿಗಿದು, ಪೆಟ್ಟಿಗೆ ಎತ್ತಿಕೊಂಡು ಹೋದರು. ನಮ್ಮನ್ನು ನೋಡಲಿಲ್ಲ.

ಆಮೇಲೆ ಓಣಿಯ ಬಾಯಿ ನಮ್ಮ ಕಡೆ ತಿರುಗಿತು. "ನಮ್ಮ ಬೆಚ್ಚನೆ ನೆಲದ ಮೇಲೆ ಮಲಗಿ ಎದ್ದವರು, ಒಳಗೆ ಇಷ್ಟು ಇಟ್ಕೊಂಡಿದ್ರಾ?" ಎಂದಳು ಯೊಂಗಾಳ ಅಮ್ಮ. ಅವಳ ಮಾತು ನಿಜ. ನಿಂತು ಕೇಳಿದೆ.

ಸಂಜೆ ರಿಪೇರಿ ಖರ್ಚನ್ನು ಲಕೋಟೆಯಲ್ಲಿಟ್ಟು ಇಬ್ಬರೂ ಮೇಸ್ತ್ರಿಯ ಮನೆಗೆ ಹೋದೆವು. ಅವರ ಹೆಂಡತಿ ಬಾಗಿಲಲ್ಲೇ ಲಕೋಟೆ ತೆಗೆದುಕೊಂಡು, "ಅವರು ಮಲಗಿದ್ದಾರೆ" ಎಂದರು. ಒಳಗಿನಿಂದ ಟಿವಿಯ ಸದ್ದು ಬರುತ್ತಿತ್ತು. ಬಾಗಿಲಿಗೇ ಬಾಗಿ ಬಂದೆವು. ದಾರಿಯಲ್ಲಿ ಮಂಜುಗಡ್ಡೆ ಇದ್ದ ಕಡೆ ಅತ್ತೆ ನನ್ನ ತೋಳು ಹಿಡಿದುಕೊಂಡರು. ಮನೆ ಬಂದ ಮೇಲೂ ಸ್ವಲ್ಪ ಹೊತ್ತು ಬಿಡಲಿಲ್ಲ.

ನಮ್ಮವರು ಎಲ್ಲ ಕೇಳಿ, "ನನಗಾದ್ರೂ ಹೇಳಬಾರ್ದಿತ್ತಾ?" ಎಂದರು. "ನೀವು ಯಾವಾಗ ಎಚ್ಚರ ಇರ್ತೀರಿ?" ಎಂದೆ. ಅತ್ತೆ ಬಂದ ನಗುವಿಗೆ ಕೈ ಅಡ್ಡ ಹಿಡಿದು ಕೆಮ್ಮಿದರು.

ಫೆಬ್ರವರಿ 6, ಶನಿವಾರ

ವರ್ಷದ ಮೊದಲ ಹುಣ್ಣಿಮೆ. ಈ ದಿನ ಸೂರ್ಯ ಹುಟ್ಟುವ ಮೊದಲು ಯಾರಾದರೂ ನಿಮ್ಮನ್ನು ಕರೆದು, ನೀವು ಓಗೊಟ್ಟರೆ ಮುಗಿಯಿತು. ಕರೆದವರು ಮುಂದಿನ ಬೇಸಿಗೆಯ ತಮ್ಮ ಸೆಕೆಯನ್ನೆಲ್ಲ ನಿಮಗೆ ಮಾರಿಬಿಟ್ಟ ಹಾಗೆ. ಹಾಗಾಗಿ ಈ ಬೆಳಿಗ್ಗೆ ಇಡೀ ಊರಿಗೆ ಬಾಯಿ ಹೊಲಿದಿರುತ್ತದೆ. ಯೊಂಗಾ ಕತ್ತಲಲ್ಲೇ ಎದ್ದು ಮನೆ ಮನೆಯ ಗೇಟಿನ ಮುಂದೆ ಕಿರುಚುತ್ತಿದ್ದಳು. ಯಾರೂ ಸಿಗಲಿಲ್ಲ. ನಮ್ಮ ಗೇಟಿನ ಮುಂದೆ ಮಾತ್ರ ಅವಳು ನಿಲ್ಲಲಿಲ್ಲ. ಅವಳ ಅಮ್ಮ ಹೇಳಿರಬೇಕು.

ನಾನು ಐದು ಧಾನ್ಯದ ಅನ್ನಕ್ಕೆ ಇಟ್ಟಿದ್ದೆ. ಅತ್ತೆ ಅಕ್ರೋಟು ಒಡೆಯುತ್ತಿದ್ದರು. ಹೊರಗೆ ಕೈಗಾಡಿಯ ಗಾಲಿ ಮಂಜಿನ ಮೇಲೆ ಕಿರ್ರೆಂದು ಬಂದು ನಿಂತಿತು.

"ಬಾಂಗ್ ಮನೆ ಸೊಸೇ!"

ಆ ಗಂಟಲು ಓಣಿಗೆಲ್ಲ ಒಂದೇ, ತಾಕ್ ಮೇಸ್ತ್ರಿಯದು. ಅತ್ತೆಯ ಕೈಯಲ್ಲಿದ್ದ ಸುತ್ತಿಗೆ ಅಲ್ಲೇ ನಿಂತಿತು.

"ಬಾಂಗ್ ಮನೆ ಸೊಸೇ! ಎದ್ದಿದ್ದೀಯಾ?"

ಅತ್ತೆ ನನಗೆ ಕೈ ಅಲ್ಲಾಡಿಸಿದರು, ಬೇಡ ಬೇಡ ಎಂದು. "ಸುಮ್ನಿರೇ," ಎಂದು ಪಿಸುಗುಟ್ಟಿದರು, "ಅವನ ಸೆಕೆ ಅಂದ್ರೆ ಸಾಮಾನ್ಯದ್ದಲ್ಲ, ಜುಲೈನಲ್ಲಿ ಕರಗಿಹೋಗ್ತೀಯ."

ನಾನು ಸೌಟು ಕೆಳಗಿಟ್ಟು, ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕೆ ಹೋದೆ. ಗೇಟಿನ ಚಿಲಕ ತೆಗೆದು, ಇಡೀ ಓಣಿಗೆ ಕೇಳುವ ಹಾಗೆ "ಓ!" ಎಂದೆ.

"ನನ್ನ ಸೆಕೆ ನೀನ್ ತಗೋ!"

"ತಗೊಂಡೆ!" ಎಂದು ನಾನೂ ಕೂಗಿದೆ.